ಎದುರಾಳಿಯ ಎದೆಯ ಗುಟ್ಟು ಗೊತ್ತಿದ್ದ ವಕೀಲರು: ಸ್ಪಾಲ್ಡಿಂಗ್ ವರ್ಸಸ್ ಝಿಮ್ಮರ್‌ಮನ್

1956ರ ಆಗಸ್ಟ್ 24ರಂದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಎರಡು ಕಾರುಗಳು ಗುದ್ದಿಕೊಂಡವು. ಒಂದನ್ನು ಝಿಮ್ಮರ್‌ಮನ್ ಎಂಬಾತ ಓಡಿಸುತ್ತಿದ್ದ. ಅದರಲ್ಲಿ ಸ್ಪಾಲ್ಡಿಂಗ್ ಎಂಬ ಹುಡುಗ ಕೂತಿದ್ದ. ಹುಡುಗನಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಎದೆ ಜಜ್ಜಿಹೋಗಿತ್ತು, ಪಕ್ಕೆಲುಬುಗಳು ಮುರಿದಿದ್ದವು, ಎರಡೂ ಬದಿಯ ಕಾಲರ್ ಬೋನ್ ಮುರಿದಿತ್ತು. ತಲೆಗೂ ಜೋರು ಏಟು. ಆಗ ಅಲ್ಲಿ 21 ತುಂಬದವರು ಕಾನೂನಿನ ಲೆಕ್ಕದಲ್ಲಿ ಮೈನರ್. ಹಾಗಾಗಿ ಅವನ ತಂದೆ ಗಾರ್ಡಿಯನ್ ಆಗಿ ನಿಂತು, ಎರಡೂ ಕಾರಿನ ಕಡೆಯವರ ಮೇಲೆ ಪರಿಹಾರದ ದಾವೆ ಹೂಡಿದರು.

ಇಷ್ಟೇ ಆಗಿದ್ದರೆ ಈ ಕೇಸನ್ನು ಇವತ್ತು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಪಘಾತ, ದಾವೆ, ಚೌಕಾಸಿ, ರಾಜಿ. ಇಂಥವು ಕೋರ್ಟಿನಲ್ಲಿ ರಾಶಿ ಬಿದ್ದಿರುತ್ತವೆ. ಆದರೆ ಅಮೆರಿಕದ ಲಾ ಸ್ಕೂಲುಗಳಲ್ಲಿ ವಕೀಲಿ ವೃತ್ತಿಯ ನೀತಿ ಹೇಳಿಕೊಡುವಾಗ ಈ ಕೇಸನ್ನು ಇಂದಿಗೂ ಎತ್ತಿಕೊಳ್ಳುತ್ತಾರೆ. ಕಾರಣ ಒಂದು ವೈದ್ಯರ ಪತ್ರ.

ಹುಡುಗನ ಕಡೆಯಿಂದಲೂ ಡಾಕ್ಟರುಗಳು ನೋಡಿದ್ದರು: ಮನೆ ಡಾಕ್ಟರು, ಒಬ್ಬ ಮೂಳೆ ತಜ್ಞರು, ಒಬ್ಬ ನರರೋಗ ತಜ್ಞರು. ಮೂಳೆ ಕೂಡಿಕೊಳ್ಳುತ್ತಿದೆಯಾ, ಮಿದುಳಿಗೆ ಶಾಶ್ವತ ತೊಂದರೆ ಆಗಿದೆಯಾ ಅನ್ನುವುದರ ಮೇಲೇ ಇವರ ಕಣ್ಣು. ಎದೆಯ ಒಳಗೆ ಬೇರೇನೋ ನಡೆಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಹುಡುಗ ಚೇತರಿಸಿಕೊಳ್ಳುತ್ತಿದ್ದಾನೆ ಎಂದೇ ಅಪ್ಪ ಮಗ ನಂಬಿದ್ದರು.

ಪ್ರತಿವಾದಿಗಳಿಗೂ ತಮ್ಮ ಕಡೆಯ ಡಾಕ್ಟರಿಂದ ಗಾಯಾಳುವನ್ನು ಪರೀಕ್ಷೆ ಮಾಡಿಸುವ ಹಕ್ಕಿದೆ. ವಾದಿ ಗಾಯವನ್ನು ದೊಡ್ಡದು ಮಾಡಿ ಹೇಳುತ್ತಿದ್ದಾನಾ ಅಂತ ನೋಡೋದಕ್ಕೆ. 1957ರ ಫೆಬ್ರವರಿ ಕೊನೆಗೆ ಹಾಗೆ ಒಬ್ಬ ನರರೋಗ ತಜ್ಞರು ಹುಡುಗನನ್ನು ಪರೀಕ್ಷಿಸಿದರು. ಫೆಬ್ರವರಿ 26ರಂದು ಝಿಮ್ಮರ್‌ಮನ್ ಪರ ವಕೀಲರಿಗೆ ವರದಿ ಬರೆದರು. ಈ ಕೇಸಿನಲ್ಲಿ ಉಳಿದೆಲ್ಲಕ್ಕಿಂತ ತಮ್ಮನ್ನು ಜಾಸ್ತಿ ಕಾಡುತ್ತಿರುವ ಸಂಗತಿ ಒಂದಿದೆ ಎಂದು ಅದರಲ್ಲಿ ಹೇಳಿದ್ದರು. ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ, 20 ವರ್ಷದ ಈ ಹುಡುಗನಲ್ಲಿ ಉಬ್ಬಿಕೊಂಡಿದೆ. ವೈದ್ಯರ ಮಾತಿನಲ್ಲಿ ಅನ್ಯೂರಿಸಂ. ಅದು ಈ ಅಪಘಾತದಿಂದಲೇ ಆಯಿತು ಎಂದು ಖಚಿತವಾಗಿ ಹೇಳಲಾರೆ. ಆದರೆ ಅದು ಇನ್ನೂ ಹಿಗ್ಗಬಹುದು, ಹಿಗ್ಗಿ ಒಡೆಯಬಹುದು, ಒಡೆದರೆ ಸಾವು.

ಆ ಪತ್ರ ಹೋದದ್ದು ವಕೀಲರ ಕೈಗೆ, ಹುಡುಗನ ಕೈಗಲ್ಲ. ಇನ್ನೊಂದು ಕಾರಿನ ಕಡೆಯ ವಕೀಲರಿಗೂ ರಾಜಿ ಮಾತುಕತೆಗೆ ಮುಂಚೆಯೇ ವಿಷಯ ತಿಳಿಯಿತು. ಹುಡುಗನಿಗೆ, ಅವನ ತಂದೆಗೆ, ಅವರ ವಕೀಲರಿಗೆ ತಿಳಿಯಲಿಲ್ಲ. ಮಾರ್ಚ್ 4ಕ್ಕೆ ಕೇಸು ವಿಚಾರಣೆಗೆ ಬಂತು. ಮರುದಿನವೇ 6,500 ಡಾಲರ್‌ಗೆ ರಾಜಿಯಾಯಿತು.

ಮೈನರ್ ಕೇಸಿನ ರಾಜಿಗೆ ಕೋರ್ಟಿನ ಒಪ್ಪಿಗೆ ಬೇಕು. ಹುಡುಗನ ವಕೀಲರು ಅರ್ಜಿ ಹಾಕಿದರು. ಅದರಲ್ಲಿ ಗಾಯಗಳ ಪಟ್ಟಿ ಇತ್ತು: ಎದೆ, ಪಕ್ಕೆಲುಬು, ತಲೆ, ಕಾಲರ್ ಬೋನ್. ಉಬ್ಬಿದ ರಕ್ತನಾಳದ ಮಾತೇ ಇಲ್ಲ, ಪಾಪ, ಅವರಿಗೆ ಗೊತ್ತಿದ್ದರೆ ತಾನೆ ಬರೆಯೋದು. ಗೊತ್ತಿದ್ದ ಎದುರು ಪಕ್ಷದ ವಕೀಲರು ಸುಮ್ಮನಿದ್ದರು. 1957ರ ಮೇ 8ರಂದು ನ್ಯಾಯಾಧೀಶರು ಒಪ್ಪಿಗೆ ಕೊಟ್ಟರು. ಫೈಲು ಮುಚ್ಚಿತು.

1959ರ ಆರಂಭದಲ್ಲಿ ಸೇನೆಯ ಮೀಸಲು ಪಡೆಗಾಗಿ ಹುಡುಗನಿಗೆ ದೇಹ ಪರೀಕ್ಷೆ ಆಗಬೇಕಾಯಿತು. ಅವನು ಹೋದದ್ದು ಅದೇ ಮನೆ ಡಾಕ್ಟರ ಹತ್ತಿರ. ಈ ಸಲ ಅವರಿಗೆ ಉಬ್ಬು ಕಂಡಿತು. ಹಳೆಯ ಎಕ್ಸ್‌ರೇಗಳನ್ನು ತೆಗೆದು ನೋಡಿದರೆ, ಅಪಘಾತವಾದ ಸ್ವಲ್ಪ ದಿನಕ್ಕೆ ತೆಗೆದ ಚಿತ್ರಗಳಲ್ಲೇ ಅದರ ಶುರುವಾತು ಇತ್ತು. ಮಾರ್ಚ್ 10ರಂದು ಮಿನಿಯಾಪೊಲಿಸ್‌ನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಹುಡುಗ ಬದುಕಿದ. ಅಷ್ಟು ಹೊತ್ತಿಗೆ ಅವನಿಗೆ 21 ದಾಟಿತ್ತು. ಹಳೆ ರಾಜಿಯನ್ನು ರದ್ದು ಮಾಡಿ, ಹೆಚ್ಚಿನ ಪರಿಹಾರ ಕೊಡಿಸಿ ಎಂದು ಮತ್ತೆ ಕೋರ್ಟಿಗೆ ಹೋದ.

ಎರಡು ವರ್ಷಕ್ಕೂ ಮೇಲೆ ಅವನು ಯಾವಾಗ ಬೇಕಾದರೂ ಒಡೆಯಬಹುದಾದ ರಕ್ತನಾಳ ಹೊತ್ತು ಓಡಾಡಿದ್ದ. ಅದು ಗೊತ್ತಿದ್ದ ಓದಿದ ಜನ ಅದೇ ರಾಜ್ಯದಲ್ಲಿ ತಮ್ಮ ಕೆಲಸ ಮಾಡಿಕೊಂಡು ಇದ್ದರು.

ಅವರು ಕೆಟ್ಟವರೇ?

ಈ ಕೇಸನ್ನು ಮೊದಲ ಸಲ ಕೇಳಿದವರಿಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ ಆ ವಕೀಲರನ್ನು ರಾಕ್ಷಸರು ಎಂದು ಬಿಟ್ಟರೆ ಕೇಸು ಅಲ್ಲೇ ಸತ್ತುಹೋಗುತ್ತದೆ, ಕಲಿಯೋದಕ್ಕೆ ಏನೂ ಉಳಿಯೋದಿಲ್ಲ. ಕೆಳಗಿನ ಕೋರ್ಟು ಅವರ ಪ್ರಾಮಾಣಿಕತೆಯ ಬಗ್ಗೆ ಅನುಮಾನ ಪಡಲಿಲ್ಲ. ಅವರು ತಾವು ಕಲಿತ ವಿದ್ಯೆಯ ಪ್ರಕಾರವೇ ನಡೆದುಕೊಂಡಿದ್ದರು.

ಆ ವಿದ್ಯೆ ಏನು? ಸಿವಿಲ್ ದಾವೆ ನಡೆಸುವ ವಕೀಲರು ಬೆಳೆಯುವುದೇ ಎರಡು ಪಕ್ಷ ಎದುರುಬದುರು ನಿಲ್ಲುವ ಪದ್ಧತಿಯಲ್ಲಿ. ನಿನ್ನ ಕಡೆಯ ಸಂಗತಿ ನೀನು ಹುಡುಕು, ಅವರ ಕಡೆಯದು ಅವರು ಹುಡುಕಲಿ, ತೂಗಿ ನೋಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 1908ರಲ್ಲಿ ಹೊರತಂದ ನೀತಿಸೂತ್ರಗಳೇ ಆಗ ದಾರಿದೀಪ. ಅದರ 15ನೇ ಸೂತ್ರ ವಕೀಲನು ಕಕ್ಷಿದಾರನ ಹಿತಕ್ಕೆ ಪೂರ್ತಿ ನಿಷ್ಠನಾಗಿರಬೇಕು, ಅವನ ಹಕ್ಕಿಗಾಗಿ ಹುರುಪಿನಿಂದ ಹೋರಾಡಬೇಕು ಎನ್ನುತ್ತಿತ್ತು. ಕಕ್ಷಿದಾರನ ಗುಟ್ಟು ಕಾಯುವುದಕ್ಕೆ 37ನೇ ಸೂತ್ರ ಇತ್ತು. ಅದಕ್ಕೆ ಅಪವಾದವೂ ಇತ್ತು. ಕಕ್ಷಿದಾರ ತಾನು ಅಪರಾಧ ಮಾಡಲಿದ್ದೇನೆ ಎಂದು ಹೇಳಿದರೆ ವಕೀಲ ಬಾಯಿ ಬಿಡಬಹುದಿತ್ತು. ಹುಡುಗನ ಎದೆಯ ಉಬ್ಬು ಯಾರ ಅಪರಾಧವೂ ಅಲ್ಲ. ಹಾಗಾಗಿ ಆ ಬಾಗಿಲು ಇವರಿಗೆ ತೆರೆಯಲಿಲ್ಲ.

ಗುಟ್ಟು ಕಾಯುವ ನಿಯಮವನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಅಷ್ಟಾಗಿ ನಂಬಿಕೆ ಬರೋದಿಲ್ಲ. ಕಕ್ಷಿದಾರ ತನಗೆ ನಾಚಿಕೆಯಾಗುವುದನ್ನೂ, ತನ್ನ ಕೇಸಿಗೆ ಪೆಟ್ಟು ಕೊಡುವುದನ್ನೂ ವಕೀಲರ ಮುಂದೆ ಬಿಚ್ಚಿಡಬೇಕು. ಇವರು ನಾಳೆ ಎದುರು ಪಕ್ಷಕ್ಕೆ ಹೇಳಿಬಿಡಬಹುದು ಅನ್ನುವ ಅನುಮಾನ ಇದ್ದರೆ ಯಾರು ಬಿಚ್ಚಿಡುತ್ತಾರೆ? ಅರ್ಧ ಸತ್ಯ ಕೇಳಿಕೊಂಡು ಕೊಟ್ಟ ಸಲಹೆ ಅರ್ಧ ಸಲಹೆಯೇ ಆಗುತ್ತದೆ.

ಸರಿ. ಆದರೆ ಗುಟ್ಟು ಯಾರದು?

ಕಕ್ಷಿದಾರನನ್ನು ಕೇಳಿದರಾ?

ಕೇಸಿನ ಗಂಟು ನನ್ನ ಪ್ರಕಾರ ಇಲ್ಲಿದೆ. ಗುಟ್ಟು ವಕೀಲರದಲ್ಲ, ಕಕ್ಷಿದಾರನದು. ಅವನು 'ಹೇಳಿ' ಅಂದರೆ ಹೇಳಬಹುದು. 1957ರಲ್ಲೂ ಇದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹಾಗಾದರೆ ವಕೀಲರು ಝಿಮ್ಮರ್‌ಮನ್‌ನನ್ನು ಕೇಳಿದರಾ? ಕೇಸು ಕೊನೆಗೆ ತಲುಪಿದ ಮಿನೆಸೋಟಾ ಸುಪ್ರೀಂ ಕೋರ್ಟಿನ ತೀರ್ಪು ಈ ಪ್ರಶ್ನೆಯ ಹತ್ತಿರವೂ ಸುಳಿಯೋದಿಲ್ಲ. ಆತನ ಮನಸ್ಸಿನಲ್ಲಿ ಏನಿತ್ತು, ಆತನಿಗೆ ವಿಷಯ ಗೊತ್ತಿತ್ತಾ, ಯಾವುದೂ ಅಲ್ಲಿಲ್ಲ. ವಕೀಲರು, ವೈದ್ಯರು, ನ್ಯಾಯಾಧೀಶರು ಎಲ್ಲ ಬರುತ್ತಾರೆ. ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಆ ಮನುಷ್ಯನ ಮಾತು ಮಾತ್ರ ಕೇಳಿಸೋದಿಲ್ಲ.

ಆತನ ಜಾಗದಲ್ಲಿ ನಿಂತು ನೋಡಿ. ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದ ಹುಡುಗ. ಅವನ ಎದೆಯ ರಕ್ತನಾಳ ಒಡೆಯಬಹುದು ಅಂತ ಗೊತ್ತಾದರೆ 'ಹೇಳಬೇಡಿ, ದುಡ್ಡು ಜಾಸ್ತಿ ಹೋಗುತ್ತೆ' ಅನ್ನುವವರು ಎಷ್ಟು ಜನ ಇದ್ದಾರು? ಇರಬಹುದು, ಇಲ್ಲ ಅನ್ನೋದಿಲ್ಲ. ಆದರೆ ಕೇಳುವ ಮೊದಲೇ ಕಕ್ಷಿದಾರನನ್ನು ಕಟುಕನ ಸಾಲಿಗೆ ಸೇರಿಸೋದು ಎಷ್ಟು ಸರಿ? ನಿಷ್ಠೆಯ ಹೆಸರಿನಲ್ಲಿ ವಕೀಲರು ಹಲವು ಸಲ ಮಾಡುವುದು ಇದನ್ನೇ. ನನ್ನ ಕಕ್ಷಿದಾರನಿಗೆ ದುಡ್ಡು ಉಳಿಯೋದು ಮಾತ್ರ ಬೇಕು ಎಂದು ತಾವೇ ತೀರ್ಮಾನಿಸಿ, ಆ ಊಹೆಯ ಮನುಷ್ಯನ ಪರವಾಗಿ ಹೋರಾಡುತ್ತಾರೆ. ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿರುವ ನಿಜವಾದ ಮನುಷ್ಯ ಬೇರೆಯೇ ಇರುತ್ತಾನೆ.

ಕಾರು ಅಪಘಾತದ ಕೇಸುಗಳಲ್ಲಿ ಇನ್ನೊಂದು ತೊಡಕಿದೆ. ಹೆಸರಿಗೆ ಕಕ್ಷಿದಾರ ಕಾರು ಓಡಿಸಿದವನು. ಆದರೆ ವಕೀಲರನ್ನು ಗೊತ್ತು ಮಾಡುವುದು, ಫೀಸು ಕೊಡುವುದು, ರಾಜಿಯ ಮೊತ್ತ ತೀರ್ಮಾನಿಸುವುದು ಸಾಮಾನ್ಯವಾಗಿ ವಿಮಾ ಕಂಪನಿ. ವಕೀಲರಿಗೆ ವಿಮಾ ಕಂಪನಿಯಿಂದ ಮತ್ತೆ ಮತ್ತೆ ಕೆಲಸ ಬರುತ್ತದೆ. ಕಾರಿನವನು ಜೀವನದಲ್ಲಿ ಒಂದೇ ಸಲ ಬರುತ್ತಾನೆ. ಫೋನು ಯಾರಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇಬ್ಬರ ಹಿತವೂ ಒಂದೇ ಆಗಿರಬೇಕು ಅಂತೇನಿಲ್ಲ. ಪರಿಹಾರದ ಮೊತ್ತ ಪಾಲಿಸಿಯ ಮಿತಿಯೊಳಗೆ ಇದ್ದರೆ, ವಿಷಯ ಹೊರಬಿದ್ದರೂ ಕಾರಿನವನ ಜೇಬಿಗೆ ಕತ್ತರಿ ಬೀಳೋದಿಲ್ಲ. ಅವನು ನೆಮ್ಮದಿಯಿಂದ 'ಹೇಳಿಬಿಡಿ' ಅನ್ನಬಹುದು. ಹೆಚ್ಚು ಕೊಡಬೇಕಾಗುವುದು ಕಂಪನಿ. ಮೊತ್ತ ಮಿತಿ ದಾಟಿದರೆ ಕಥೆ ಬೇರೆ, ಆಗ ಅವನ ಮನೆಮಠಕ್ಕೇ ಕುತ್ತು ಬರಬಹುದು. ಅಂದರೆ ಬಾಯಿ ಬಿಟ್ಟರೆ ಯಾರಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ, ಇಬ್ಬರ ಮುಂದೆಯೂ ಇಟ್ಟು, ಕೇಳಬೇಕಾದ ಪ್ರಶ್ನೆ ಇದು. ವಕೀಲರು ಮನಸ್ಸಿನಲ್ಲೇ ಬಗೆಹರಿಸಿಕೊಳ್ಳುವಂಥದ್ದಲ್ಲ.

ವಾದಿ ಪರ ವಕೀಲರು

ಇವರ ಮೇಲೂ ಒಂದು ಮಾತು ಇದೆ. ಎದುರು ಪಕ್ಷದ ಡಾಕ್ಟರು ನಿಮ್ಮ ಕಕ್ಷಿದಾರನನ್ನು ಪರೀಕ್ಷೆ ಮಾಡಿದರೆ, ಆ ವರದಿಯ ಪ್ರತಿ ಕೊಡಿ ಎಂದು ಕೇಳುವ ಹಕ್ಕು ಸಿವಿಲ್ ವಿಚಾರಣಾ ನಿಯಮಗಳಲ್ಲಿ ಇದೆ. ಕೇಳಿದರೆ ಅವರು ಕೊಡಲೇಬೇಕು. ಒಂದು ಹಾಳೆಯ ಪತ್ರ ಸಾಕಿತ್ತು. ಅದನ್ನು ಬರೆಯಲಿಲ್ಲ. ಲಭ್ಯವಿದ್ದ ನಿಯಮವನ್ನು ಇವರು ಬಳಸಿಕೊಳ್ಳಲಿಲ್ಲ ಎಂದು ಕೆಳಗಿನ ಕೋರ್ಟೂ ಗುರುತಿಸಿತು.

ಆದರೆ ಆ ಹಕ್ಕಿಗೆ ಒಂದು ಬೆಲೆಯೂ ಇದೆ. ನೀವು ಅವರ ವರದಿ ಕೇಳಿದರೆ ನಿಮ್ಮ ಡಾಕ್ಟರುಗಳ ವರದಿಯನ್ನೂ ಅವರಿಗೆ ಕೊಡಬೇಕಾಗುತ್ತದೆ, ರೋಗಿ ಮತ್ತು ಡಾಕ್ಟರ ನಡುವಿನ ಗುಟ್ಟಿನ ರಕ್ಷಣೆ ಕಳೆದುಕೊಳ್ಳುತ್ತೀರಿ. ಅದಕ್ಕೇ ಕೆಲವು ವಕೀಲರು ಲೆಕ್ಕ ಹಾಕಿ ಕೇಳದೇ ಇರುತ್ತಾರೆ. ಈ ಕೇಸಿನಲ್ಲಿ ಲೆಕ್ಕ ಹಾಕಿದರೋ, ಮರೆತರೋ, ಎದುರಿನ ಡಾಕ್ಟರು ತಮ್ಮ ಡಾಕ್ಟರು ಹೇಳಿದ್ದನ್ನೇ ಹೇಳಿರುತ್ತಾರೆ ಅಂದುಕೊಂಡರೋ, ತೀರ್ಪಿನಿಂದ ಗೊತ್ತಾಗೋದಿಲ್ಲ. ಫೈಲಿನ ಪ್ರತಿ ಕಾಗದವನ್ನೂ ಕೇಳಿ ತರಿಸಿಕೊಂಡು ಓದುವ ಶ್ರದ್ಧೆಯನ್ನು ವಕೀಲರ ಮೌಲ್ಯಗಳ ಪಟ್ಟಿಯಲ್ಲಿ ಯಾರೂ ದೊಡ್ಡದಾಗಿ ಬರೆಯೋದಿಲ್ಲ. ಧೈರ್ಯ, ನ್ಯಾಯನಿಷ್ಠೆ, ವಾಕ್ಚಾತುರ್ಯ ಇವಕ್ಕೇ ಮರ್ಯಾದೆ. ಇಲ್ಲಿ ಒಂದು ಜೀವಕ್ಕೆ ಸಂಬಂಧಪಟ್ಟದ್ದು ಈ ಬೋರು ಹೊಡೆಸುವ ಗುಣವೇ.

ಕೋರ್ಟು ಹಿಡಿದ ದಾರಿ

ಕೆಳಗಿನ ಕೋರ್ಟು ರಾಜಿಯನ್ನು ರದ್ದು ಮಾಡಿತು. ಪ್ರತಿವಾದಿಗಳು ಮೇಲ್ಮನವಿ ಹೋದರು. 1962ರಲ್ಲಿ ಮಿನೆಸೋಟಾ ಸುಪ್ರೀಂ ಕೋರ್ಟು ಕೆಳಗಿನ ಆದೇಶವನ್ನೇ ಎತ್ತಿಹಿಡಿಯಿತು. ಹುಡುಗ ಗೆದ್ದ. ಆದರೆ ಗೆದ್ದ ಕಾರಣ ನೋಡಿದರೆ ಸ್ವಲ್ಪ ಪೆಚ್ಚಾಗುತ್ತದೆ.

'ಜೀವಕ್ಕೆ ಅಪಾಯ ಇದ್ದಾಗ ವಕೀಲರು ಹೇಳಲೇಬೇಕು' ಎಂದು ಕೋರ್ಟು ಹೇಳಲಿಲ್ಲ. ಚೌಕಾಸಿ ನಡೆಯುತ್ತಿದ್ದಾಗ ಎರಡೂ ಕಡೆಯವರು ಎದುರಾಳಿಗಳು, ಆಗ ಹೇಳುವ ಕರ್ತವ್ಯ ಇರಲಿಲ್ಲ ಎಂದೇ ಕೆಳಗಿನ ಕೋರ್ಟು ಅಂದಿತ್ತು. ಆದರೆ ರಾಜಿ ಕುದುರಿದ ಮೇಲೆ ಚಿತ್ರ ಬದಲಾಯಿತು. ಆಗ ಎಲ್ಲರೂ ಒಟ್ಟಿಗೆ ನ್ಯಾಯಾಧೀಶರ ಮುಂದೆ ನಿಂತು 'ಇದಕ್ಕೆ ಒಪ್ಪಿಗೆ ಕೊಡಿ' ಎಂದು ಕೇಳುತ್ತಿದ್ದರು. ಅಲ್ಲಿ ಯಾರೂ ಎದುರಾಳಿಗಳಲ್ಲ. ಮೈನರ್‌ನ ಹಿತ ಕಾಯುವ ಹೊಣೆ ಇರುವ ನ್ಯಾಯಾಧೀಶರಿಗೆ ಅರ್ಧ ಚಿತ್ರ ತೋರಿಸಿ ಸಹಿ ಹಾಕಿಸಿಕೊಂಡಂತಾಯಿತು. ತಾನು ಕೊಟ್ಟ ಒಪ್ಪಿಗೆಯನ್ನು ವಾಪಸು ತೆಗೆದುಕೊಳ್ಳುವ ಅಧಿಕಾರ ಕೋರ್ಟಿಗೆ ಇದೆ. ಯಾವ ನೀತಿಸೂತ್ರವೂ ವಕೀಲರನ್ನು ಹೇಳುವಂತೆ ಕಟ್ಟಿಹಾಕಿರಲಿಲ್ಲ ಅಂತಿಟ್ಟುಕೊಂಡರೂ ಈ ಅಧಿಕಾರ ಕಡಿಮೆಯಾಗೋದಿಲ್ಲ.

ಅಂದರೆ ಹುಡುಗನನ್ನು ಕಾಪಾಡಿದ್ದು ಅವನ ವಯಸ್ಸು. ಮೈನರ್ ಆಗಿದ್ದರಿಂದ ಕೋರ್ಟಿನ ಒಪ್ಪಿಗೆ ಬೇಕಾಯಿತು, ಒಪ್ಪಿಗೆ ಬೇಕಾದ್ದರಿಂದ ರದ್ದು ಮಾಡಲು ಒಂದು ಹಿಡಿ ಸಿಕ್ಕಿತು. 21 ತುಂಬಿದವನು ಇದೇ ಕಾಗದಕ್ಕೆ ಸಹಿ ಹಾಕಿದ್ದರೆ ಅವನ ಕೈಗೆ ಈ ಹಿಡಿ ಸಿಗುತ್ತಿರಲಿಲ್ಲ.

ನಿಯಮ ಎಷ್ಟು ನಿಧಾನ

ಇಂಥ ಕೇಸು ಬಂದ ಮೇಲೆ ನಿಯಮ ಬೇಗ ಬದಲಾಗಿರಬೇಕು ಅಂದುಕೊಳ್ಳುತ್ತೇವೆ. ಇಲ್ಲ. ಬಾರ್ ಅಸೋಸಿಯೇಷನ್ 1969ರಲ್ಲಿ ಹೊಸ ಸಂಹಿತೆ ತಂದಿತು, 1983ರಲ್ಲಿ ಅದರ ಜಾಗಕ್ಕೆ, ರಾಜ್ಯಗಳು ತಮಗೆ ಬೇಕಾದಂತೆ ಅಳವಡಿಸಿಕೊಳ್ಳುವ ಮಾದರಿ ನಿಯಮಗಳನ್ನು ತಂದಿತು. 1983ರ ನಿಯಮದ ಪ್ರಕಾರವೂ ವಕೀಲ ಗುಟ್ಟು ಬಿಡಬಹುದಾಗಿದ್ದದ್ದು ತನ್ನ ಕಕ್ಷಿದಾರನೇ ಅಪರಾಧ ಎಸಗಿ, ಅದರಿಂದ ಯಾರಾದರೂ ಸದ್ಯದಲ್ಲೇ ಸಾಯುವ ಅಥವಾ ಭಾರೀ ಗಾಯಗೊಳ್ಳುವ ಸಂಭವ ಇದ್ದರೆ ಮಾತ್ರ. ಸ್ಪಾಲ್ಡಿಂಗ್ ಕೇಸು 1983ರ ನಂತರ ನಡೆದಿದ್ದರೂ, ಕಕ್ಷಿದಾರನ ಒಪ್ಪಿಗೆ ಇಲ್ಲದೆ ಆ ವಕೀಲರು ಬಾಯಿ ಬಿಡುವಂತಿರಲಿಲ್ಲ.

ಬದಲಾದದ್ದು 2002ರಲ್ಲಿ. ಸಾವು ಅಥವಾ ಭಾರೀ ದೈಹಿಕ ಹಾನಿ ಸಾಕಷ್ಟು ಖಚಿತವಾಗಿದ್ದರೆ, ಅದನ್ನು ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು ವಕೀಲ ಹೇಳಬಹುದು ಎಂದಾಯಿತು. ಅಪರಾಧದ ಷರತ್ತು ಹೋಯಿತು. ಆ ಪತ್ರ ವಕೀಲರ ಮೇಜಿಗೆ ಬಂದು ಅಷ್ಟು ಹೊತ್ತಿಗೆ 45 ವರ್ಷ ಆಗಿತ್ತು. ಇಷ್ಟಾದರೂ ಮಾದರಿ ನಿಯಮದಲ್ಲಿರುವುದು 'ಹೇಳಬಹುದು', 'ಹೇಳಲೇಬೇಕು' ಅಲ್ಲ. ವಾಷಿಂಗ್ಟನ್ ರಾಜ್ಯದಂಥ ಕೆಲವು ಕಡೆ ಹೇಳುವುದು ಕಡ್ಡಾಯ. ಮಿಕ್ಕ ಬಹಳ ಕಡೆ ಅದು ವಕೀಲರ ಮನಸ್ಸಿಗೆ ಬಿಟ್ಟದ್ದು. ಉಬ್ಬಿದ ರಕ್ತನಾಳ 'ಸಾಕಷ್ಟು ಖಚಿತ' ಸಾವಾ ಅಂತ ವಾದ ಮಾಡುವವರೂ ಸಿಗುತ್ತಾರೆ, ಯಾಕೆಂದರೆ ಡಾಕ್ಟರು ಬರೆದದ್ದು 'ಒಡೆಯಬಹುದು' ಅಂತ, 'ಒಡೆಯುತ್ತೆ' ಅಂತ ಅಲ್ಲ.

ಇವತ್ತು ಆ ಪತ್ರ ಬಂದರೆ

ಪ್ರತಿವಾದಿ ಪರ ವಕೀಲರ ಮೇಜಿನ ಮೇಲೆ ಅದೇ ಪತ್ರ ಇವತ್ತು ಬಂತು ಅಂತಿಟ್ಟುಕೊಳ್ಳಿ. ವಿಚಾರಣೆಗೆ 6 ದಿನ ಇದೆ. ಒಳ್ಳೆಯ ವಕೀಲರು ಮೊದಲು ನಿಯಮದ ಪುಸ್ತಕ ತೆಗೆಯೋದಿಲ್ಲ, ಕಕ್ಷಿದಾರನಿಗೆ ಫೋನು ಮಾಡುತ್ತಾರೆ. ಕಂಪನಿಗೆ ಆಮೇಲೆ. ಫೀಸು ಬೇರೆಯವರು ಕೊಟ್ಟರೂ ವಕೀಲರ ತೀರ್ಮಾನದಲ್ಲಿ ಅವರು ಕೈಯಾಡಿಸುವಂತಿಲ್ಲ ಅಂತ ಮಾದರಿ ನಿಯಮಗಳೇ ಹೇಳುತ್ತವೆ. ಸಲಹೆ ಕೊಡುವಾಗ ಕಾನೂನಿನ ಜೊತೆ ನೈತಿಕ ಮಾತೂ ಆಡಬಹುದು ಎಂದೂ ಹೇಳುತ್ತವೆ. ಆ ಫೋನಿನ ಮಾತು ಹೀಗಿರಬಹುದು.

"ನಮ್ಮ ಡಾಕ್ಟರ ವರದಿ ಬಂದಿದೆ. ಆ ಹುಡುಗನ ಎದೆಯ ದೊಡ್ಡ ರಕ್ತನಾಳ ಉಬ್ಬಿದೆಯಂತೆ. ಒಡೆದರೆ ಬದುಕೋದಿಲ್ಲವಂತೆ. ಅವರಿಗೆ ಇದು ಗೊತ್ತಿರೋ ಹಾಗೆ ಕಾಣ್ತಿಲ್ಲ."

"ನನ್ನಿಂದ ಆದದ್ದಾ ಅದು?"

"ಡಾಕ್ಟರಿಗೂ ಖಚಿತ ಇಲ್ಲ. ಹೇಳಿದರೆ ಅವರು ಜಾಸ್ತಿ ಕೇಳ್ತಾರೆ, ಅದಂತೂ ನಿಜ. ಪಾಲಿಸಿಯ ಮಿತಿ ದಾಟಿದರೆ ನಿಮ್ಮ ಕೈಯಿಂದ ಕೊಡಬೇಕಾಗಬಹುದು. ಅದನ್ನ ನಾನು ಮುಚ್ಚಿಡೋದಿಲ್ಲ. ಆದರೆ ಹೇಳದೇ ಇದ್ದು ಅವನು ಹೋದರೆ, ಆ ಭಾರ ನಿಮ್ಮ ಮೇಲೂ ನನ್ನ ಮೇಲೂ ಇರುತ್ತೆ. ನನ್ನ ಸಲಹೆ, ಹೇಳೋಣ. ನೀವು ಏನಂತೀರಿ?"

ಬಹಳಷ್ಟು ಸಲ ಇಷ್ಟರಲ್ಲೇ ವಿಷಯ ಮುಗಿಯುತ್ತದೆ ಅನ್ನುವುದು ನನ್ನ ಅನಿಸಿಕೆ. ಕಕ್ಷಿದಾರ ಒಪ್ಪಿದ ಮೇಲೆ ಗುಟ್ಟು ಬಿಟ್ಟುಕೊಟ್ಟ ಪ್ರಶ್ನೆಯೇ ಇಲ್ಲ. ವಿಚಾರಣೆ ಮುಂದೂಡಿಸಿ, ಹುಡುಗನನ್ನು ಮೊದಲು ಹೃದಯ ತಜ್ಞರಿಗೆ ತೋರಿಸುವಂತೆ ಮಾಡಬಹುದು. ಉಬ್ಬು ಅಪಘಾತದಿಂದ ಬಂದದ್ದೋ ಅಲ್ಲವೋ ಎಂದು ಆಮೇಲೆ ಗಟ್ಟಿಯಾಗಿ ವಾದ ಮಾಡುವುದಕ್ಕೂ ಅಡ್ಡಿಯಿಲ್ಲ. ಹುರುಪಿನ ಹೋರಾಟಕ್ಕೆ ಅಲ್ಲಿ ಬೇಕಾದಷ್ಟು ಜಾಗ ಇದೆ.

ಕಕ್ಷಿದಾರ ಒಪ್ಪದಿದ್ದರೆ? ಆಗ ವಕೀಲರು ನಿಜಕ್ಕೂ ಪೇಚಿಗೆ ಸಿಗುತ್ತಾರೆ. ಕೇಸಿನಿಂದ ಹಿಂದೆ ಸರಿದರೆ ಕೈ ತೊಳೆದುಕೊಂಡ ಹಾಗಾಗುತ್ತದೆ, ಹುಡುಗನಿಗೆ ಏನೂ ಉಪಯೋಗ ಆಗೋದಿಲ್ಲ. ಇನ್ನೊಬ್ಬ ವಕೀಲ ಬರುತ್ತಾನೆ, ಪತ್ರ ಅವನ ಕಪಾಟಿಗೆ ಹೋಗುತ್ತದೆ. 2002ರ ನಿಯಮ ಇರುವ ರಾಜ್ಯದಲ್ಲಿ ಕಕ್ಷಿದಾರನ ಮಾತು ಮೀರಿ ಹುಡುಗನ ಕಡೆಯವರಿಗೆ ತಿಳಿಸಬಹುದು. ಹಾಗೆ ಮಾಡಿದ ವಕೀಲರಿಗೆ ವಿಮಾ ಕಂಪನಿಯಿಂದ ಮುಂದಿನ ಕೇಸು ಬರೋದು ಕಷ್ಟ. ನಾನಾಗಿದ್ದರೆ ತಿಳಿಸುತ್ತಿದ್ದೆ. ಬಾಡಿಗೆ ಕಟ್ಟಬೇಕಾದ, ಇಬ್ಬರು ಜೂನಿಯರ್‌ಗಳಿಗೆ ಸಂಬಳ ಕೊಡಬೇಕಾದ ಆಫೀಸಿನಲ್ಲಿ ಕೂತು ಇದನ್ನೇ ಹೇಳೋದು ಎಷ್ಟು ಭಾರ ಅನ್ನುವುದು ಗೊತ್ತಿದ್ದೂ.